ಮನೆಗೆ ಬರುವ ಟೀಚರ್

ಅಕ್ಕಾ,

ಈ ಕಾಗದ ಕಳಿಸುವ ಮುಖ ನನಗಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ಹೈಸ್ಕೂಲಿನ ಮಗಳಿಗೆ ಎಲ್ಲ ವಿಷಯ ಹೇಳಿಕೊಡಲು ಮನೆಗೆ ಬರುವ ಟೀಚರ್ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಯಾರೋ ಹೇಳಿದರೆಂದು ತಾನಾಗಿಯೇ ಬಾಗಿಲು ತಟ್ಟಿದವಳು. ಬೀಜಗಣಿತವಿರಲಿ, ವ್ಯಾಕರಣವಿರಲಿ, ಮಗಳು ಎಡವಿದರೆ "ತಪ್ಪಲ್ಲ ಪುಟ್ಟಿ, ಅರ್ಧ ಸರಿ" ಎನ್ನುತ್ತಾಳೆ. ನನಗೂ ಆಮೇಲೆ ಇವಳಿಗೂ ಪಾಠ ಹೇಳುವಾಗ ನೀನು ಅನ್ನುತ್ತಿದ್ದ ಮಾತೇ ಅದು.

ಇವತ್ತು ಕೇಳಿಯೇಬಿಟ್ಟೆ: "ಆ ಯಾರೋ ಅನ್ನೋರು ಯಾರು ಹೇಳಿ?"

ಆಕೆ ಪುಸ್ತಕದಿಂದ ತಲೆಯೆತ್ತಲಿಲ್ಲ. ಮಗಳು ನನ್ನ ಕೈ ಜಗ್ಗಿದಳು. "ಸುಮ್ನಿರಮ್ಮಾ. ದೊಡ್ಡಮ್ಮನ್ನ ಓಡಿಸಿದ ಹಾಗೆ ಇವರನ್ನೂ ಓಡಿಸ್ಬೇಡ."

ಆಕೆ ಹೊರಟಾಗ, "ಬರೋದು ನಿಲ್ಲಿಸ್ಬೇಡಿ" ಅಂದೆ.

"ಹಾಗಂತ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ.