ಟಾರ್ಕಿಲ್ ಮಾಮನ ಗೇಣಿ ನೆಲ

ಏಪ್ರಿಲ್ ೧೪, ಲೂಯಿಸ್ ದ್ವೀಪ

ಬೆನ್ನು ನೋಯುತ್ತಿದೆ, ಆದರೂ ನಗು ನಿಲ್ಲುತ್ತಿಲ್ಲ. ಊರವರೆಲ್ಲ ಮಾಮ ಎಂದು ಕರೆಯುವ ಟಾರ್ಕಿಲ್‌ಗೆ ಮಕ್ಕಳಿಲ್ಲ; ಅವನ ನೆಲದಲ್ಲಿ ಜೊತೆಗೆ ದುಡಿಯುವವಳು ನಾನು. ಎಡಿನ್‌ಬರೋದವರೊಬ್ಬರು ರಜೆಯ ಮನೆ ಕಟ್ಟಲು ಅವನ ಗೇಣಿ ನೆಲ ಕೇಳಿದ್ದರು. ಅವರಿಗೇ ಕೊಟ್ಟರೆ ನಾನು ನೆಲವಿಲ್ಲದೆ ಊರು ಬಿಡಬೇಕಲ್ಲ ಎಂದು ವಾರವೆಲ್ಲ ಕೊರಗಿದ್ದೆ.

ಇವತ್ತು ಬೇಲಿ ಕಟ್ಟುವಾಗ ಮಾಮನೇ ಕೇಳಿದ, "ಮರ್ಡೀನಾ, ಗೇಣಿ ನಿನ್ನ ಹೆಸರಿಗೆ ಮಾಡಿಸ್ಲೇನೇ?"

"ನಾನೇನು ನಿನ್ನ ನೆಂಟಳಾ?"

"ಕಾನೂನು ನೆಂಟಸ್ತನ ಕೇಳಲ್ಲ ಕಣೆ. ಇಲ್ಲೇ ಇರ್ತೀಯಾ, ದುಡೀತೀಯಾ ಅಂತ ಕೇಳುತ್ತೆ. ಆ ಎಡಿನ್‌ಬರೋದವ್ರು ಬರೋದು ಬೇಸಿಗೆ ರಜೇಲಿ ಮಾತ್ರ. ಅಲ್ಲೀವರೆಗೂ ಕುರಿ ಮರಿ ಹಾಕ್ದೆ ಕಾಯುತ್ತಾ?"

ಗೇಣಿ ನೆಲಗಳನ್ನು ನೋಡಿಕೊಳ್ಳುವ ಸರ್ಕಾರಿ ಆಯೋಗದ ಒಪ್ಪಿಗೆ ಇನ್ನೂ ಬರಬೇಕು. ಆದರೂ ಸಂಜೆ ಇಬ್ಬರೂ ಸೇರಿ ಆಲೂಗೆಡ್ಡೆ ನೆಟ್ಟೆವು. ಸಾಲು ಸೊಟ್ಟಗಿದೆ ಎಂದು ಬೈದ. ಹೊರಡುವಾಗ ಗೇಟು ಹಿಡಿದು ನಿಂತು ಕೇಳಿದ, "ಮುಚ್ಲಾ, ತೆಗೆದೇ ಇಡ್ಲಾ, ಯಜಮಾನಿ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.