ಬಟ್ಟೆ ಕುಡಿದ ಮಳೆ

ತುಕ್ಕಾನಟ್ಟಿ, ತಾ. ಗೋಕಾಕ
ಸೋಮವಾರ, ೯ ಫೆಬ್ರವರಿ ೨೦೦೪

ಪ್ರೀತಿಯ ಭಕ್ತಿ ಬಾಳಾ,

ಜೈ ಜಿನೇಂದ್ರ. ನಿನ್ನ ಕೆಮ್ಮು ಇಳಿಯಿತೋ ಇಲ್ಲವೋ? ಪುಣೆಯ ಚಳಿಯಲ್ಲಿ ಸ್ವೆಟರ್ ಹಾಕುತ್ತೀಯೋ, ಅಥವಾ ಹವಾಮಾನ ಓದಿದವರಿಗೆ ಚಳಿ ಹತ್ತುವುದೇ ಇಲ್ಲವೋ? ನಿಮ್ಮವ್ವ ವಂದನಾ ಬಳ್ಳೊಳ್ಳಿ ಹಾಕದ ಶೇಂಗಾಹಿಂಡಿ ಕುಟ್ಟಿ ಡಬ್ಬಿ ತುಂಬಿ ಇಟ್ಟಿದ್ದಾಳೆ, ಪುಣೆಗೆ ಹೊರಟವರು ಯಾರಾದರೂ ಸಿಕ್ಕರೆ ಕಳಿಸುತ್ತಾಳೆ. ನನ್ನ ಕಣ್ಣು ಈಗ ಭೇಷಾಗಿದೆ. ಪೊರೆ ತೆಗೆಸಿದ ಮೇಲೆ ಗೋಡೆಯ ಹಲ್ಲಿಯ ಬೆರಳು ಸಹ ಎಣಿಸಬಲ್ಲೆ. ಮನೆಯ ಜೇಡರ ಬಲೆಗಳೂ ಕಾಣತೊಡಗಿವೆ, ಅದಕ್ಕೆ ನಿಮ್ಮವ್ವನಿಗೆ ಸಿಟ್ಟು.

ನಿನ್ನ ಸಂಕ್ರಾಂತಿಯ ಪತ್ರವನ್ನು ಹತ್ತು ಸಲವಾದರೂ ಓದಿದ್ದೇನೆ. ಇದೇ ಇಪ್ಪತ್ತಕ್ಕೆ ನೀನು ಸಭೆಯಲ್ಲಿ ಪ್ರಬಂಧ ಓದುತ್ತೀ. ಅದಕ್ಕೆ ಈ ಅಜ್ಜನ ಮಳೆ ಪುಸ್ತಕವೇ ಆಧಾರ. ನಿನ್ನ ಹೆಸರಿನ ಕೆಳಗೆ ನನ್ನ ಹೆಸರೂ ಅಚ್ಚಾಗುತ್ತದೆ. ಮೂವತ್ತೆಂಟು ವರ್ಷ ದಿನಾ ಮುಂಜಾನೆ ಎಂಟೂವರೆಗೆ ಹಿತ್ತಲಿನ ಮಳೆಮಾಪಕದ ಮುಂದೆ ಕುಕ್ಕರಗಾಲಿನಲ್ಲಿ ಕೂತ ನಿವೃತ್ತ ಮಾಸ್ತರನಿಗೆ ಇನ್ನೇನು ಬೇಕು? ಅದನ್ನು ಓದಿ ನಿಮ್ಮವ್ವನ ಮುಂದೆ ಎದೆ ಉಬ್ಬಿಸಿ ಓಡಾಡಿದೆ. ಹೋದ ವರ್ಷ ಮೋಡ ಬಿತ್ತನೆಯ ವಿಮಾನ ಹಾರಾಡಿದ ತಿಂಗಳುಗಳಲ್ಲಿ ಸುತ್ತಲಿನ ಊರುಗಳ ಮಳೆ ಅರ್ಧಕ್ಕೆ ಇಳಿದರೂ ತುಕ್ಕಾನಟ್ಟಿಯದು ಅಷ್ಟು ಇಳಿದಿಲ್ಲ, ಆದ್ದರಿಂದ ಬಿತ್ತನೆ ಫಲಿಸಿದೆ ಎಂದು ನೀನು ಹೇಳಲಿದ್ದೀ. ಆಕಾಶವನ್ನು ಮನುಷ್ಯ ತಿದ್ದಬಹುದು ಎಂಬುದಕ್ಕೆ ಇದು ಪುರಾವೆ, ನಾಳೆ ಭೂಮಿ ಕಾದು ಹೋದರೆ ಮೇಲೆಲ್ಲೋ ಧೂಳು ಹರಡಿ ಬಿಸಿಲನ್ನೇ ತಗ್ಗಿಸುವ ಪ್ರಯೋಗಕ್ಕೂ ಧೈರ್ಯ ಬರುತ್ತದೆ ಎಂದು ನಿನ್ನ ಗೈಡ್ ಅನ್ನುತ್ತಾರಂತೆ.

ನಿಮ್ಮ ಸಭೆಯ ವಾದ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಶುರುವಾಗಿದೆ. ನಾಗನೂರಿನ ಕೇದಾರಿ, ಆ ಕಬ್ಬಿನ ಗಾಡಿ ಹೊಡೆಯುವವನು, ನನ್ನನ್ನು ನಿಲ್ಲಿಸಿ ಕೇಳಿದ: “ಮಾಸ್ತರ, ನಮ್ಮ ಮ್ಯಾಲೆ ಇಳಿಯೂ ಮೋಡ ನಿಮ್ಮೂರಾಗ ಇಳಿಸ್ಯಾರಂತಲ್ರಿ, ಖರೆ ಏನ್ರಿ?” ನಾನು ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಕಾಲುವೆಯ ಒಂದು ಗೇಟನ್ನು ಗೇಣು ಮೇಲೆತ್ತಿದರೆ ಕೆಳಗಿನ ಹೊಲದವರು ಕೊಡಲಿ ಹಿಡಿದು ಬರುತ್ತಾರೆ. ಬಿಸಿಲಿನ ಗೇಟು ಯಾರ ಕೈಯಲ್ಲಿರುತ್ತದೆ ಬಾಳಾ? ಏನನ್ನೂ ಮಾಡಬಾರದು ಎನ್ನುವಷ್ಟು ಹಳೆಯ ಮನುಷ್ಯ ನಾನಲ್ಲ. ಬೇಸಿಗೆ ವರ್ಷ ವರ್ಷ ಮುಂಚೆ ಬರುವುದು ನನ್ನ ಮೈಗೇ ಗೊತ್ತಾಗುತ್ತಿದೆ. ಆದರೆ ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವವರು ಆಧಾರ ಗಟ್ಟಿ ಇದೆಯೋ ಇಲ್ಲವೋ ನೋಡಬೇಕಲ್ಲ. ನೀನು ನಂಬಿದ ಆಧಾರ ಗಟ್ಟಿ ಇಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ.

ನಮ್ಮ ಮನೆಯಲ್ಲಿ ಸೋಸದ ನೀರು ಮುಟ್ಟುವುದಿಲ್ಲ, ನಿನಗೇ ಗೊತ್ತು. ಮಾಪಕದ ಡಬ್ಬಿಯಲ್ಲಿ ಮಳೆನೀರಿನ ಜೊತೆ ಇರುವೆ, ಸೊಳ್ಳೆಮರಿ, ಕಣ್ಣಿಗೆ ಕಾಣದ ಎಷ್ಟೋ ಜೀವ ಬಿದ್ದಿರುತ್ತವೆ. ಅಳೆದ ಮೇಲೆ ಅವನ್ನು ಬಿಸಿ ಕಲ್ಲಿನ ಮೇಲೆ ಚೆಲ್ಲುವುದು ಹೇಗೆ? ಅದಕ್ಕೆ ಮೊದಲ ದಿನದಿಂದಲೂ ನಾನು ಎರಡು ಪದರಿನ ಬಟ್ಟೆಯಲ್ಲಿ ಸೋಸಿ, ಇಳಿದ ನೀರನ್ನು ಅಳತೆಯ ಗಾಜಿಗೆ ಹಾಕುತ್ತಿದ್ದೆ. ಬಟ್ಟೆಯನ್ನು ಹಿಂಡುವಂತಿಲ್ಲ, ಹಿಂಡಿದರೆ ಜೀವ ಸಾಯುತ್ತವೆ. ಹಾಗೆಯೇ ಒಯ್ದು ಬಾವಿಯಲ್ಲಿ ಜಾಲಿಸಿ ಬರುತ್ತಿದ್ದೆ. ಹೋದ ಆಗಸ್ಟಿನಲ್ಲಿ ಕಣ್ಣಿನ ಆಪರೇಷನ್ ಆಗಿ ಡಾಕ್ಟರು ಬಗ್ಗಬೇಡಿ ಎಂದರು. ದೀಪಾವಳಿ ದಾಟುವವರೆಗೆ ಬಾಜೂ ಮನೆಯ ಸತ್ಯಪ್ಪ ಅಳೆದು ಬರೆದ. ನನ್ನ ಕೈಯಲ್ಲಿ ಕಲಿತವನು, ಅಕ್ಷರ ಮುತ್ತಿನಂಥವು. ಅವನ ಮನೆಯಲ್ಲಿ ಈ ಸೋಸುವ ಪದ್ಧತಿ ಇಲ್ಲ. ಡಬ್ಬಿಯಿಂದ ನೇರ ಗಾಜಿಗೆ ಹಾಕಿದ. ಮೊನ್ನೆ ಮಾತಿಗೆ ಮಾತು ಬಂದು ನಾನು ಸೋಸುವ ರೀತಿ ಹೇಳಿದಾಗ ತಲೆ ಕೆರೆದುಕೊಂಡು ಕೇಳಿದ: “ಸರ, ಅರಿವಿ ಕುಡದ ಮಳಿ ಯಾವ ಪುಸ್ತಕದಾಗ ಬರದೀರಿ?”

ಸಿಟ್ಟು ಬಂತು. “ನನಗಽ ಕಲಸಾಕ ಬಂದೀಯೇನು?” ಎಂದು ಗದರಿಸಿ ಕಳಿಸಿದೆ. ಆಮೇಲೆ ಬಾಗಿಲು ಹಾಕಿಕೊಂಡು ಹತ್ತು ಮಿಲಿಮೀಟರು ನೀರು ಅಳೆದು ಬಟ್ಟೆಯ ಮೇಲೆ ಸುರಿದೆ. ಕೆಳಗೆ ಇಳಿದದ್ದು ಎಂಟು. ಮತ್ತೊಂದು ಒಣ ಬಟ್ಟೆಯ ಮೇಲೆ ಸುರಿದೆ, ಮತ್ತೆ ಎಂಟು. ಮಳೆ ಬಂದ ಪ್ರತಿ ದಿನ ಎರಡೆರಡು ಮಿಲಿಮೀಟರು ಬಟ್ಟೆಯ ಪಾಲಾಗಿದೆ. ಸಣ್ಣ ಹನಿ ಬಿದ್ದ ದಿನ ‘ಮಳೆ ಇಲ್ಲ’ ಎಂದೇ ಬರೆದಿದ್ದೇನೆ. ಹೋದ ವರ್ಷ ನಮ್ಮೂರಲ್ಲಿ ಹೆಚ್ಚು ಕಂಡ ಮಳೆಯನ್ನು ವಿಮಾನ ತರಲಿಲ್ಲ ಭಕ್ತಿ. ಸತ್ಯಪ್ಪ ಸೋಸಲಿಲ್ಲ, ಅಷ್ಟೇ.

ಪ್ರಬಂಧ ಓದಬೇಡ. ಇದ್ದದ್ದನ್ನು ಗೈಡ್ ಮುಂದೆ ಹೇಳು, ಬೈದರೆ ಬೈಸಿಕೋ. ಬಿತ್ತನೆ ಫಲಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪುಸ್ತಕದಿಂದ ನಿನಗೂ ಗೊತ್ತಾಗುವುದಿಲ್ಲ. ಎಲ್ಲ ದಿನಕ್ಕೂ ಎರಡು ಕೂಡಿಸಿ ಸರಿ ಮಾಡಿಬಿಡೋಣ ಎಂದು ಯಾರಾದರೂ ಅಂದರೆ ಒಪ್ಪಬೇಡ. ‘ಮಳೆ ಇಲ್ಲ’ ಎಂದು ಬರೆದ ದಿನಗಳಲ್ಲಿ ಎಷ್ಟು ಬಿದ್ದಿತ್ತೋ ಇನ್ನು ಯಾರೂ ಹೇಳಲಾರರು. ನನ್ನ ಹೆಸರನ್ನಂತೂ ಹೊಡೆದು ಹಾಕು.

ಊಟ ತಪ್ಪಿಸಬೇಡ. ನಿಮ್ಮವ್ವ ನಿನ್ನ ಕೆನ್ನೆ ಸವರಿದ್ದಾಳೆಂದು ಬರೆಯಲು ಹೇಳಿದಳು. ನಿನಗೆ ಆಯುಷ್ಯ, ಆರೋಗ್ಯ, ಒಳ್ಳೆಯ ಬುದ್ಧಿ ಎಲ್ಲವೂ ಇರಲಿ.

ನಿನ್ನ ಅಜ್ಜ,
ಕುಂಥುನಾಥ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ‘ಮೊನ್ನೆ’ ಎಂದು ಬರೆದದ್ದು ಸುಳ್ಳು. ಸತ್ಯಪ್ಪ ಆ ಮಾತು ಕೇಳಿದ್ದು ಭಾದ್ರಪದದಲ್ಲಿ, ನಮ್ಮ ದಶಲಕ್ಷಣ ಪರ್ವ ನಡೆದಾಗ. ಹತ್ತು ಮಿಲಿಮೀಟರಿನ ಪರೀಕ್ಷೆಯೂ ಅಂದೇ ಆಯಿತು. ಯಾರಿಗೂ ಹೇಳಬೇಡ ಎಂದು ಅವನ ಬಾಯಿ ಮುಚ್ಚಿಸಿದೆ. ಮೂರು ತಿಂಗಳ ಮೇಲೆ ನೀನು ಪುಸ್ತಕ ಕೇಳಿದಾಗ ರಟ್ಟು ಹಾಕಿ, ದಾರ ಕಟ್ಟಿ, ಗೋಕಾಕಕ್ಕೆ ಹೋಗಿ ರಿಜಿಸ್ಟರ್ ಮಾಡಿ ಕಳಿಸಿದವನೂ ನಾನೇ. ಮೂವತ್ತೆಂಟು ವರ್ಷ ತಪ್ಪು ಬರೆದ ಮುದುಕ ಎಂದು ನಿನ್ನಿಂದ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಹೆಸರು ಹೊಡೆದು ಹಾಕು ಎಂದದ್ದೂ ತಪ್ಪಿಸಿಕೊಳ್ಳುವ ಮಾತೇ. ಹೊಡೆಯಬೇಡ. ಇಪ್ಪತ್ತನೇ ತಾರೀಖು ಎದ್ದು ನಿಂತು ನನ್ನ ಹೆಸರು ಹಿಡಿದೇ ಹೇಳು: ಕುಂಥುನಾಥ ಮಾಸ್ತರ ಗೊತ್ತಿಲ್ಲದೆ ತಪ್ಪು ಅಳೆದ, ಗೊತ್ತಿದ್ದೂ ಕಳಿಸಿದ.