ಗೋಡೆಯಲ್ಲಿ ಉಳಿದ ಹಲಗೆ

ಅತ್ಲೋನ್,
೯ ಅಕ್ಟೋಬರ್ ೨೦೨೧, ಶನಿವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಲಸಿಕೆಯ ಎರಡನೇ ಡೋಸ್ ಆಯಿತು, ಒಂದು ದಿನ ಮೈ ಬಿಸಿ ಇತ್ತು ಅಂತ ಶ್ರೀಕಂಠ ಮೆಸೇಜ್ ಮಾಡಿದ್ದ. ಬಿ.ಪಿ. ಮಾತ್ರೆ ಮರೆಯಬೇಡಿ. ಸಂಜೆ ವಾಕಿಂಗ್ ಹೋದಾಗ ಅರ್ಧ ಕಟ್ಟಿದ ಮನೆ ಕಂಡರೆ ಅಲ್ಲೇ ನಿಂತು, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಕೆಲಸದವರನ್ನು ಬೈಯುತ್ತೀರಂತೆ. ಬೈಯಿರಿ, ಆದರೆ ಮೂಗು ಮುಚ್ಚಿಕೊಂಡು ಬೈಯಿರಿ. ಇಷ್ಟೂ ನನಗೆ ತಮ್ಮನಿಂದ ತಿಳಿದದ್ದು. ನಾನು ನಿಮ್ಮೊಂದಿಗೆ ಮಾತು ಬಿಟ್ಟು ನಾಲ್ಕು ತಿಂಗಳ ಮೇಲಾಯಿತು. ಫೋನಿನಲ್ಲಿ ಬಾರದ ಮಾತು ಕಾಗದದಲ್ಲಾದರೂ ಬಂದೀತೇನೋ ಅಂತ ಕೂತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ಇವರಿಗೆ ಇನ್ನೂ ಮನೆಯಿಂದಲೇ ಆಫೀಸು. ನಿಮ್ಮ ಮೊಮ್ಮಗಳು ಇಂಚರಾ ನಿಮ್ಮ ಎತ್ತರಕ್ಕೇ ಬಂದಿದ್ದಾಳೆ. ಕನ್ನಡದಲ್ಲಿ ಏನು ಕೇಳಿದರೂ ಈ ಊರಿನವರ ಹಾಗೇ "ಗ್ರ್ಯಾಂಡ್" ಅಂತ ಉತ್ತರ, ಅಂದರೆ ಚೆನ್ನಾಗಿದ್ದೀನಿ ಅಂತ. ಜ್ವರ ಬಂದಾಗಲೂ ಗ್ರ್ಯಾಂಡೇ. ನನ್ನ ಎಂ.ಎ. ನಡೆಯುತ್ತಿದೆ. ನಲವತ್ತೇಳಕ್ಕೆ ಸೇರಿದಾಗ "ಈ ವಯಸ್ಸಲ್ಲಿ ಪದ್ಯ ಓದಿ ಏನ್ಮಾಡ್ತೀಯವ್ವ" ಅಂತ ನಕ್ಕಿದ್ದಿರಿ. "ಓದ್ಲಿ ಬಿಡಿ, ನಿಮ್ಮಪ್ಪನ ಗಂಟೇನು ಹೋಗುತ್ತೆ" ಅಂತ ಅಮ್ಮ ಹಿಂದಿನಿಂದ ಕೂಗಿದ್ದಳು. ಒಂದು ವರ್ಷ ಕಾಲೇಜೆಲ್ಲ ಅಡುಗೆಮನೆಯ ಮೇಜಿನ ಮೇಲೆಯೇ ಆಯಿತು. ಮೊನ್ನೆ ಗುರುವಾರ ಮೊದಲ ಸಲ ರೈಲು ಹತ್ತಿ ಡಬ್ಲಿನ್‌ನಲ್ಲಿರುವ ನಮ್ಮ ಕಾಲೇಜಿನ ಲೈಬ್ರರಿಗೆ ಹೋದೆ. ಹೇಳಬೇಕಾದದ್ದು ಅದನ್ನೇ.

ಈ ದೇಶದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕವೂ ಕಾನೂನಿನ ಪ್ರಕಾರ ಆ ಲೈಬ್ರರಿಗೆ ಬರಬೇಕು. ಅಷ್ಟು ದೊಡ್ಡ ಹೆಸರಿನ ಜಾಗ ಅಂದಮೇಲೆ ಅಮೃತಶಿಲೆ, ಕಂಬ, ಗುಮ್ಮಟ ಇರುತ್ತದೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಕಾಂಕ್ರೀಟು. ಒಳಗೂ ಹೊರಗೂ ಬರೀ ಕಾಂಕ್ರೀಟು, ಗಾರೆಯಿಲ್ಲ, ಬಣ್ಣವಿಲ್ಲ. ಮಳೆ ಬಿದ್ದಲ್ಲಿ ಕಪ್ಪು ಕಟ್ಟಿದೆ. ಬೇಕೆಂದೇ ಹಾಗೆ ಕಟ್ಟುವ ಒಂದು ಕಾಲವಿತ್ತಂತೆ. ಇಲ್ಲಿ ಎಷ್ಟೋ ಜನಕ್ಕೆ ಅದನ್ನು ಕಂಡರಾಗದು. ಕೂತು ಓದಲು ಆನ್‌ಲೈನಿನಲ್ಲಿ ಬುಕ್ ಮಾಡಿದ್ದು ಮೂರೇ ಗಂಟೆ. ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಗೆ ಟೇಪು ಸುತ್ತಿದ್ದರು. ಸೂರಿನ ಕಿಂಡಿಗಳಿಂದ ಬೆಳಕು ಇಳಿಯುತ್ತಿತ್ತು, ಕೆಮ್ಮಲೂ ಹೆದರುವಷ್ಟು ಮೌನ. ಪುಸ್ತಕ ತೆರೆಯುವ ಮೊದಲು ಪಕ್ಕದ ಗೋಡೆ ನೋಡಿದೆ, ಅಪ್ಪಾ. ಗೋಡೆಯ ತುಂಬ ಹಲಗೆ. ಹಲಗೆಯಲ್ಲ, ಕಾಂಕ್ರೀಟು ಸುರಿಯಲು ಕಟ್ಟಿದ್ದ ಹಲಗೆಯ ಅಚ್ಚು. ಮರದ ಎಳೆ, ಗಂಟು, ಎರಡು ಹಲಗೆ ಸೇರುವ ಕಡೆ ಸಿಮೆಂಟಿನ ಹಾಲು ಸೋರಿ ನಿಂತ ಸಣ್ಣ ಏಣು. ಒಂದು ಹಲಗೆಯ ತುದಿ ಸೀಳಿತ್ತು, ಅದೂ ಹಾಗೇ ಮೂಡಿದೆ. ಆ ಮರ ಸೌದೆಯಾಗಿ ಸುಟ್ಟು ಐವತ್ತು ವರ್ಷ ಆಗಿರಬೇಕು.

ನನಗೆ ತಿಳಿಯದೆಯೇ ಕೈ ಅದರ ಮೇಲೆ ಹೋಯಿತು. ಏನನ್ನೂ ಮುಟ್ಟಬೇಡಿ ಅಂತ ಹೋದಲ್ಲೆಲ್ಲ ಬೋರ್ಡು ಹಾಕಿರುವ ಕಾಲ. ಅಲ್ಲಿನ ಒಬ್ಬ ವಯಸ್ಸಾದ ನೌಕರ ನೋಡಿದ್ದು ಕಂಡು ಸರಕ್ಕನೆ ಹಿಂದೆಗೆದುಕೊಂಡೆ. "ಮುಟ್ಟಿ, ಮುಟ್ಟಿ. ಒಂದೂವರೆ ವರ್ಷದಿಂದ ಯಾರೂ ಮುಟ್ಟಿಲ್ಲ ಪಾಪ" ಅಂದ. ಆರ್ಕಿಟೆಕ್ಚರ್ ಓದುತ್ತೀರಾ ಅಂತ ಕೇಳಿದ. ಇಲ್ಲ, ನಮ್ಮಪ್ಪ ಈ ಹಲಗೆ ಹೊಡೆಯುವವರು ಅಂದೆ. ಸ್ಕೂಲಿನ ಫಾರಂನಲ್ಲಿ ತಂದೆಯ ಉದ್ಯೋಗ ಅಂತ ಇದ್ದಲ್ಲಿ ಪ್ರತಿ ವರ್ಷ ಕಂಟ್ರಾಕ್ಟರ್ ಅಂತ ಬರೆಯುತ್ತಿದ್ದವಳು ನಾನು. ಸೆಂಟ್ರಿಂಗ್ ಕೆಲಸ ಅಂತ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಓದಲು ತೆಗೆದಿಟ್ಟ ಪದ್ಯಗಳ ಪುಸ್ತಕ ಹಾಗೇ ಉಳಿಯಿತು. ಮೈಸೂರಿನಲ್ಲಿ ನೀವು ಹಲಗೆಗೆ ಬಳಿಯುತ್ತಿದ್ದ ಕರಿ ಎಣ್ಣೆಯ ವಾಸನೆ, ಎಣ್ಣೆಯಾದ ನಿಮ್ಮ ಅಂಗಿಯನ್ನು ಅಮ್ಮ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದದ್ದು, ಎಲ್ಲ ನೆನಪಾಯಿತು. ಗಾರೆಯವರು ಬಂದಮೇಲೆ ನಮ್ಮ ಕೆಲಸ ಯಾರಿಗೂ ಕಾಣಲ್ಲ ಅನ್ನುತ್ತಿದ್ದಿರಿ. ಕುವೆಂಪುನಗರದ ಮನೆಯೊಂದಕ್ಕೆ ಸೂರಿನ ಮೋಲ್ಡ್ ಹಾಕಿ ಹದಿನಾಲ್ಕೇ ದಿನಕ್ಕೆ ಯಜಮಾನ ಕೆಳಗೆ ಆನಿಸಿದ ಕಂಬ ತೆಗೆಯಿರಿ ಅಂತ ಗಲಾಟೆ ಮಾಡಿದ್ದು ನೆನಪಿದೆಯಾ? ಗೃಹಪ್ರವೇಶಕ್ಕೆ ಕಾರ್ಡು ಹಂಚಿಬಿಟ್ಟಿದ್ದ. "ಇಪ್ಪತ್ತೊಂದು ದಿನ ಆಗ್ದೆ ಒಂದು ಕಂಬಾನೂ ಕದಲ್ಸಲ್ಲ ಸ್ವಾಮಿ. ಮೇಲಿನ ಭಾರ ತಡ್ಕೊಳೋ ಶಕ್ತಿ ಅದುಕ್ಕಿನ್ನೂ ಬಂದಿಲ್ಲ" ಅಂದಿರಿ. ನಾನು ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದೆ.

ಮೇ ತಿಂಗಳಲ್ಲಿ ನನಗೂ ಹಾಗೇ ಮಾಡಿದಿರಿ. ಅಮ್ಮ ಆಸ್ಪತ್ರೆಯಲ್ಲಿ ತೀರಿಹೋದ ದಿನ ನಾನಿಲ್ಲಿ ಅದೇ ಕಾಯಿಲೆಯಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಮಲಗಿದ್ದೆ. ದಿನಾ ಫೋನ್ ಮಾಡುತ್ತಿದ್ದೆ, ಅಮ್ಮ ಮನೆಯಲ್ಲೇ ಇದ್ದಾಳೆ ಅಂತ ನಂಬಿ ಅವಳಿಗೆ ಕೊಡಿ ಅನ್ನುತ್ತಿದ್ದೆ. ದಿನಾ "ಮಲಗವ್ಳೆ ಕಣವ್ವ" ಅಂದಿರಿ. ನಾಲಿಗೆ ಸತ್ತುಹೋಗಿದೆ, ಅಮ್ಮನ ನಿಂಬೆ ಉಪ್ಪಿನಕಾಯಿ ಬೇಕು, ಹೇಗೆ ಮಾಡೋದು ಕೇಳಿ ಅಂದಾಗ "ತಡಿ, ಕೇಳ್ಕೊಂಡು ಬತ್ತೀನಿ" ಅಂತ ಫೋನ್ ಕೆಳಗಿಟ್ಟು ಹೋದಿರಿ. ಐದು ನಿಮಿಷ ಬಿಟ್ಟು ಬಂದು ಹೇಳಿದಿರಿ: ಇಪ್ಪತ್ತೈದು ಹಣ್ಣಿಗೆ ಒಂದು ಪಾವು ಕಲ್ಲುಪ್ಪು, ತೊಳೆದ ಹಣ್ಣು ಚೆನ್ನಾಗಿ ಒರೆಸಬೇಕಂತೆ, ತೇವ ಇದ್ರೆ ಬೂಷ್ಟು ಬರುತ್ತೆ ಅಂತಾಳೆ. ಅಂತಾಳೆ ಅಂದಿರಿ, ಅಪ್ಪಾ. ಅವಳು ಹೋಗಿ ಅವತ್ತಿಗೆ ಒಂಬತ್ತು ದಿನ. ನಾನು ಎದ್ದು ಓಡಾಡುವ ಹಾಗಾದ ಮೇಲೆ, ಇಪ್ಪತ್ತೆರಡನೇ ದಿನ, ನೀವೇ ಫೋನ್ ಮಾಡಿ ಹೇಳಿದಿರಿ. ಅವತ್ತು ಇಟ್ಟ ಫೋನ್ ನಾನು ಮತ್ತೆ ಎತ್ತಲಿಲ್ಲ.

ಕೋಪವೆಲ್ಲ ಇಳಿಯಿತು ಅಂತ ಸುಳ್ಳು ಬರೆಯಲಾರೆ. ಅಮ್ಮನಿಗಾಗಿ ಅಳುವ ಆ ಮೂರು ವಾರ ನನ್ನವು, ಅವನ್ನು ನೀವು ಇಟ್ಟುಕೊಂಡಿರಿ. ಆದರೆ ಆ ಮೂರು ವಾರ ನೀವು ಹೇಗಿದ್ದಿರಿ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಹೆಂಡತಿಯ ಮುಖವನ್ನೂ ದೂರದಿಂದ ನೋಡಿ ಬಂದವರು, ದಿನಾ ನನ್ನ ಫೋನಿಗೆ ದನಿ ಸರಿಮಾಡಿಕೊಂಡು ಕಾದಿದ್ದಿರಿ. ಆ ಗೋಡೆಯ ಪಕ್ಕ ಕೂತಾಗ ಇದು ಹೊಳೆಯಿತು. ಮೂರು ಗಂಟೆ ಮುಗಿಯಿತು ಅಂತ ಆ ನೌಕರ ಬಂದು ಹೇಳಿದಾಗ ಮಾಸ್ಕ್ ಪೂರಾ ಒದ್ದೆಯಾಗಿತ್ತು.

ಶ್ರೀಕಂಠನಿಗೆ, ಮನೆಯವರಿಗೆಲ್ಲ ನನ್ನ ನೆನಪು ಹೇಳಿ. ಇಂಚರಾ ತಾತನಿಗೆ ಅಂತ ಒಂದು ಮುತ್ತು ಕಳಿಸಿದ್ದಾಳೆ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮಗಳು,
ಜಯಶೀಲಾ

ಮರೆತಿದ್ದೆ: ಕೋಣೆಯಿಂದ ಹೊರಬಂದು ಆ ಉಪ್ಪಿನಕಾಯಿ ಹಾಕಿದಾಗ ನನಗೆ ಉಪ್ಪು, ಹುಳಿ ಏನೂ ತಿಳಿಯುತ್ತಿರಲಿಲ್ಲ, ನೀವು ಹೇಳಿದ್ದಷ್ಟನ್ನೇ ನಂಬಿ ಹಾಕಿದ್ದು. ಅಮ್ಮನ ಸುದ್ದಿ ತಿಳಿದಮೇಲೆ ಸಿಟ್ಟಿಗೆ ಜಾಡಿಯನ್ನು ಬೀರುವಿನ ಹಿಂದಕ್ಕೆ ತಳ್ಳಿದ್ದೆ. ಇವತ್ತು ಮಧ್ಯಾಹ್ನ ತೆರೆದೆ. ನಾಲಿಗೆ ವಾಪಸ್ ಬಂದಿದೆ. ಅದು ಅಮ್ಮನದ್ದೇ, ಒಂದು ಹರಳು ಉಪ್ಪು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಗದ ತಲುಪಿತು ಅಂತ ಶ್ರೀಕಂಠ ಮೆಸೇಜ್ ಮಾಡಿದ ಮೇಲಿನ ಭಾನುವಾರ ಫೋನ್ ಮಾಡುತ್ತೇನೆ, ಅವನ ಕೈಗೆ ಕೊಡಬೇಡಿ, ನೀವೇ ಎತ್ತಿ. ಅವತ್ತು ಫೋನ್ ಕೆಳಗಿಟ್ಟು ಹೋದ ಐದು ನಿಮಿಷ ಎಲ್ಲಿಗೆ ಹೋಗಿದ್ದಿರಿ, ಯಾರನ್ನು ಕೇಳಿದಿರಿ, ನನಗೆ ಹೇಳಬೇಕು.